ಮಾತಾಡುತ್ತಲೇ ಗುಡ್ಡ ಏರಿದ ನಮ್ಮ ಅತ್ತೆ

ನಮ್ಮ ಊರಲ್ಲಿ ಎತ್ತರವೆಂದರೆ ಹುಡೇವು. ಹಿಂದಿನ ಕಾಲದಲ್ಲಿ ದಂಡು ಬರುವುದನ್ನು ನೋಡಲೆಂದು ಕಟ್ಟಿದ ಕಲ್ಲಿನ ಬುರುಜು ಅದು. ಅದರ ಮೇಲೆ ನಿಂತರೆ ಒಂದು ಕಡೆ ನಿಂಬರ್ಗಾ, ಇನ್ನೊಂದು ಕಡೆ ಮಾದನಹಿಪ್ಪರಗಾ, ನಡುವೆ ಕರಿ ನೆಲ, ತೊಗರಿ, ಜೋಳ. ಅಷ್ಟೇ. ನೆಲ ಎಲ್ಲೂ ಏಳುವುದಿಲ್ಲ, ಎಲ್ಲೂ ಬೀಳುವುದಿಲ್ಲ. ಅಂಥ ನೆಲದ ಮೇಲೆ ಅರವತ್ತು ವರ್ಷ ಕಳೆದ ನಮ್ಮ ಅತ್ತೆ ಒಂದು ದಿನ ಹಿಟ್ಟು ಸಾಣಿಸುತ್ತ ಕೂತವರು ಇದ್ದಕ್ಕಿದ್ದಂತೆ ಜರಡಿ ಕೆಳಗಿಟ್ಟರು.

"ಗುಡ್ಡ ನೋಡದ ಸತ್ತರ ದೇವರು ಈ ಕಣ್ಣ ಯಾಕ ಕೊಟ್ಟಾನ ಬೇ?" ಎಂದು ನನ್ನನ್ನು ಕೇಳಿದರು.

ನಾನು ಆಗ ಮದುವೆಯಾಗಿ ಮೂರು ವರ್ಷದ ಸೊಸೆ. ಅತ್ತೆಯ ಪ್ರಶ್ನೆಗೆ ಉತ್ತರ ಕೊಟ್ಟರೂ ತಪ್ಪು, ಕೊಡದಿದ್ದರೂ ತಪ್ಪು. "ಯಾವ ಗುಡ್ಡರಿ ಅತ್ತಿ?" ಎಂದೆ.

"ಕೇದಾರದ್ದು. ಸಣ್ಣ ಗುಡ್ಡ ನೋಡಿ ಏನ ಮಾಡೂದದ? ನೋಡಿದ್ರ ದೊಡ್ಡದೇ ನೋಡಬೇಕು."

ಸುದ್ದಿ ಓಣಿಯಲ್ಲಿ ಹಬ್ಬಿತು. ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ. ದೇವರು ಎದೆಯ ಮೇಲೆಯೇ ಇರುವಾಗ ಅಷ್ಟು ದೂರದ ಯಾತ್ರೆ ಯಾಕೆ ಎಂದು ಹಿರಿಯರು ಕಟ್ಟೆಯ ಮೇಲೆ ಕೂತು ತಕರಾರು ತೆಗೆದರು. ಅತ್ತೆ ಬಾಗಿಲಲ್ಲೇ ನಿಂತು ಉತ್ತರ ಕೊಟ್ಟರು. "ದೇವರ ನೋಡಾಕ ಯಾರ ಹೊಂಟಾರ? ಅಂವ ಇಲ್ಲೇ ನನ್ನ ಕೊಳ್ಳಾಗ ಅದಾನ. ನಾ ಗುಡ್ಡ ನೋಡಾಕ ಹೊಂಟೇನಿ." ಹಿರಿಯರು ಎಲೆ ಅಡಿಕೆಗೆ ಕೈ ಹಾಕಿದರು.

ಹೊರಟವರು ಮೂವರು. ನನ್ನ ಗಂಡ, ಅಂದರೆ ಅತ್ತೆಯ ಒಬ್ಬನೇ ಮಗ, ಆಳಂದದ ಕಚೇರಿಯಲ್ಲಿ ಗುಮಾಸ್ತರು. ಅದು ನಿಜಾಮರ ರಾಜ್ಯ, ಓದಿದ್ದೆಲ್ಲ ಉರ್ದುವಿನಲ್ಲಿ. ಆದ್ದರಿಂದ ಉತ್ತರ ದೇಶದ ಮಾತೆಲ್ಲ ತಮಗೆ ನೀರು ಕುಡಿದಂತೆ ಎಂದು ಅವರ ನಂಬಿಕೆ. ನನ್ನನ್ನು ಕರೆದೊಯ್ದದ್ದು ಪ್ರೀತಿಯಿಂದಲ್ಲ. ಅತ್ತೆ ಬೇರೆಯವರು ಬಡಿದ ರೊಟ್ಟಿ ತಿನ್ನುತ್ತಿರಲಿಲ್ಲ, ಗೋದಿಯಂತೂ ಅವರಿಗೆ ಹೊಟ್ಟೆಗೆ ಆಗದ ವಸ್ತು. ಆದ್ದರಿಂದ ಒಂದು ಚೀಲ ಜೋಳದ ಹಿಟ್ಟು, ಅದರ ಹಿಂದೆ ನಾನು.

ದುಧನಿ ಸ್ಟೇಷನ್ನಿನಲ್ಲಿ ರೈಲು ಹತ್ತಿದೆವು. ಇಲ್ಲೊಂದು ಸಂಗತಿ ಹೇಳಬೇಕು. ಆಗಿನ ಕಾಲಕ್ಕೆ ಅತ್ತೆಯ ಎದುರು ಸೊಸೆ ಗಂಡನ ಜೊತೆ ನೇರವಾಗಿ ಮಾತಾಡುವ ಹಾಗಿರಲಿಲ್ಲ. ಮನೆಯಲ್ಲಾದರೆ ಅಡಿಗೆಮನೆಯೆಂದು, ಹಿತ್ತಲೆಂದು ದಾರಿಗಳಿರುತ್ತವೆ. ರೈಲಿನಲ್ಲಿ ಮೂವರೂ ಒಂದೇ ಹಲಗೆಯ ಮೇಲೆ, ಅತ್ತೆ ನಟ್ಟನಡುವೆ. ನನಗೆ ನೀರು ಬೇಕಾದರೆ "ಅತ್ತಿ, ನೀರ ತರ್ತಾರೇನು ಕೇಳ್ರಿ" ಎನ್ನುವುದು, ಅತ್ತೆ ಮಗನ ಕಡೆ ತಿರುಗಿ "ನೀರ ತರ್ತಿ ಏನೋ?" ಎನ್ನುವುದು, ಅವರು ತಾಯಿಗೆ "ಮುಂದಿನ ಟೇಶನ್ದಾಗ ತರ್ತೇನಿ" ಎನ್ನುವುದು, ಅತ್ತೆ ಅದನ್ನು ನನಗೆ ದಾಟಿಸುವುದು. ನಾಲ್ಕು ದಿನ ಹೀಗೆ. ನನಗೋ ಮೂಗಿನ ತುದಿಯಲ್ಲೇ ಸಿಟ್ಟು, ಆದರೂ ನುಂಗಿಕೊಂಡೆ.

ಋಷಿಕೇಶದಿಂದ ದೇವಪ್ರಯಾಗದವರೆಗೆ ಮೋಟಾರು. ಒಂದು ಕಡೆ ಬೆಟ್ಟದ ಗೋಡೆ, ಇನ್ನೊಂದು ಕಡೆ ಏನೂ ಇಲ್ಲ. ಅಲ್ಲಿಯವರೆಗೆ "ನಾನು ಇದ್ದೇನಲ್ಲ" ಎನ್ನುತ್ತಿದ್ದ ನಮ್ಮವರು ಎರಡನೆಯ ತಿರುವಿಗೇ ತಲೆ ಹೊರಗೆ ಹಾಕಿ ವಾಂತಿ ಶುರುಮಾಡಿದರು. ಅತ್ತೆ ಮಾತ್ರ ಕಿಟಕಿಗೆ ಮುಖ ಹಚ್ಚಿ, ಚಕ್ರದ ಕೆಳಗೆ ಗಂಗೆ ಎಷ್ಟು ಆಳದಲ್ಲಿದೆ ಎಂದು ನೋಡಿ ನೋಡಿ ಖುಷಿಪಟ್ಟರು. "ಭಾವಿಗಿಂತ ಆಳ ಅದಲ್ಲ ಬೇ ಇದು!" ಎಂದು ನನ್ನ ತೊಡೆಗೆ ಬಡಿದರು. ಆಮೇಲೆ ಮಗನ ಬೆನ್ನು ಸವರಿ, "ಪಾಪ, ಕಚೇರ್ಯಾಗ ಕೂತು ಕೂತು ಹಿಂಗಾಗ್ಯಾನ" ಎಂದರು.

ಅಲ್ಲಿಂದ ಮುಂದೆ ನಡಿಗೆ. ದಾರಿಯುದ್ದಕ್ಕೂ ಹರದಾರಿಗೊಂದರಂತೆ ಚಟ್ಟಿಗಳು. ಚಟ್ಟಿ ಎಂದರೆ ಒಂದು ಅಂಗಡಿ, ಅದರ ಪಕ್ಕ ಒಂದು ಮಾಡು. ಅಂಗಡಿಯಲ್ಲಿ ಬೇಳೆ, ಅಕ್ಕಿ ಕೊಂಡರೆ ಅಡಿಗೆಗೆ ಪಾತ್ರೆ ಕೊಡುತ್ತಾರೆ, ಮಾಡಿನಲ್ಲಿ ಮಲಗಬಹುದು. ನಾನು ಪ್ರತಿ ಚಟ್ಟಿಯಲ್ಲೂ ಮೂರು ಕಲ್ಲು ಹೂಡಿ ರೊಟ್ಟಿ ಬಡಿದೆ. ಜೋಳದ ಹಿಟ್ಟು ಹಳೆಯದಾದಂತೆ ಜಿಗಿ ಹೋಗುತ್ತದೆ, ರೊಟ್ಟಿ ಬಡಿಯುವಾಗಲೇ ಹರಿಯುತ್ತದೆ. ಇದು ಅತ್ತೆಗೂ ಗೊತ್ತು. ಆದರೂ ಹರಿದ ರೊಟ್ಟಿ ಎತ್ತಿ ಹಿಡಿದು, ತೂತಿನಲ್ಲಿ ಹಿಮಾಲಯವನ್ನು ನೋಡಿ, "ಜೇವರ್ಗಿ ಕಡ್ಯಾವ್ರು ರೊಟ್ಟಿ ಹಿಂಗs ಬಡೀತಾರೇನು?" ಎನ್ನುತ್ತಿದ್ದರು. ಜೇವರ್ಗಿ ಕಡೆ ನನ್ನ ತವರು. ನಾನು ಹಲ್ಲು ಕಚ್ಚಿಕೊಂಡು ಇನ್ನೊಂದು ಉಂಡೆ ಮಾಡುತ್ತಿದ್ದೆ.

ನಡೆಯುವುದರಲ್ಲಿ ಅತ್ತೆಯನ್ನು ಮೀರಿಸುವವರಿರಲಿಲ್ಲ, ದಾರಿ ಸಮನಾಗಿರುವ ತನಕ. ಗುಪ್ತಕಾಶಿಯ ಏರು ಬಂದಾಗ ಕಥೆ ಕೆಟ್ಟಿತು. ಅಲ್ಲಿ ದಾರಿ ನೆಟ್ಟಗೆ ಏರುವುದಿಲ್ಲ. ಬಲಕ್ಕೆ ಒಂದಷ್ಟು, ತಿರುಗಿ ಎಡಕ್ಕೆ ಒಂದಷ್ಟು, ಮತ್ತೆ ಬಲಕ್ಕೆ, ಹೀಗೆ ಸುತ್ತಿ ಸುತ್ತಿ ಮೇಲಕ್ಕೆ. ನಮ್ಮ ಕಡೆ ಬಂಡಿಯ ದಾರಿ ಸುತ್ತು ಹಾಕಿದರೆ ಮನುಷ್ಯರು ಯಾರೂ ಅದರಲ್ಲಿ ನಡೆಯುವುದಿಲ್ಲ, ಹೊಲ ಹಾಯ್ದು ನೆಟ್ಟಗೆ ಹೋಗುತ್ತಾರೆ. ಕಣ್ಣಿಗೆ ಕಂಡದ್ದೆಲ್ಲ ನಮಗೆ ಹತ್ತಿರವೇ. ಅತ್ತೆ ತಲೆಯೆತ್ತಿ ಮೇಲೆ ಕಾಣುತ್ತಿದ್ದ ಚಟ್ಟಿಯ ಚಾವಣಿ ನೋಡಿದರು, ಬಳುಕುವ ದಾರಿ ನೋಡಿದರು.

"ಈ ದಾರಿ ಹಾಕಿದಾಂವ ಸೆಂದಿ ಕುಡದು ಹಾಕ್ಯಾನ. ಅಗಾ, ಊರು ಅಲ್ಲೇ ಅದ. ನಾ ನೆಟ್ಟಗ ಹೋಗ್ತೇನಿ."

"ಯವ್ವಾ, ಬ್ಯಾಡ!" ಎಂದು ನಮ್ಮವರು ಕೂಗುವುದರೊಳಗೆ ಅತ್ತೆ ಸೀರೆ ಎತ್ತಿ ಕಟ್ಟಿ ಪೊದೆ ಹಿಡಿದು ಏರತೊಡಗಿದ್ದರು. ಒಂದು ತಿರುವು ದಾಟಿದರು, ಎರಡು ದಾಟಿದರು. ಮೇಲಿನಿಂದ ನಮ್ಮನ್ನು ನೋಡಿ, "ಬರ್ರಿ, ಬರ್ರಿ, ಸುತ್ತಿ ಸುತ್ತಿ ಬರ್ರಿ!" ಎಂದು ಹಂಗಿಸಿದರು. ಮೂರನೆಯದರ ಹತ್ತಿರ ಕಾಲ ಕೆಳಗಿನ ಸಡಿಲು ಕಲ್ಲು ಜಾರಿತು. ಅತ್ತೆ, ಕಲ್ಲು, ಒಂದಿಷ್ಟು ಮಣ್ಣು, ಒಂದು ಕಿತ್ತ ಪೊದೆ, ಎಲ್ಲವೂ ಸೇರಿ ಏರಿದ ದಾರಿಯಲ್ಲೇ ನೆಟ್ಟಗೆ ಇಳಿದು ಬಂದು ಮಗನ ಕಾಲ ಬುಡದಲ್ಲಿ ನಿಂತವು. ಪೊದೆಯನ್ನು ಅವರು ಕೈಯಿಂದ ಬಿಟ್ಟಿರಲಿಲ್ಲ.

ಎಲುಬು ಮುರಿದಿರಲಿಲ್ಲ, ಪುಣ್ಯ. ಆದರೆ ಮೊಣಕಾಲು ಬೆಳಗಾಗುವುದರಲ್ಲಿ ಕುಂಬಳಕಾಯಿಯಾಗಿತ್ತು. ಗುಪ್ತಕಾಶಿಯ ಚಟ್ಟಿಯಲ್ಲಿ ಎರಡು ದಿನ ಉಪ್ಪಿನ ಶಾಖ ಕೊಟ್ಟೆ. ಊತ ಇಳಿಯಲಿಲ್ಲ. ಇನ್ನೂ ಮೂರು ದಿನದ ಏರು ಉಳಿದಿತ್ತು, ಅಂಥ ಕಾಲಿನಲ್ಲಿ ಮೂರು ಹೆಜ್ಜೆಯೂ ಆಗುವಂತಿರಲಿಲ್ಲ. ಮೋಡ ಮುಚ್ಚಿಕೊಂಡು ಹಿಮದ ಗುಡ್ಡ ಒಂದೂ ಕಾಣುತ್ತಿರಲಿಲ್ಲ. ಅತ್ತೆ ಗೋಡೆಗೊರಗಿ ಆ ಮೋಡವನ್ನೇ ನೋಡುತ್ತ ಕೂತಿರುತ್ತಿದ್ದರು. ಬೈಗುಳ ನಿಂತುಹೋಗಿತ್ತು. ರೊಟ್ಟಿ ಹರಿದರೂ ಏನೂ ಅನ್ನಲಿಲ್ಲ.

ಮೂರನೆಯ ದಿನ ಅಂಗಡಿಯವನು ಡಾಂಡಿಯವರನ್ನು ಕರೆತಂದ. ಡಾಂಡಿ ಎಂದರೆ ಎರಡು ಉದ್ದನೆಯ ಕೋಲುಗಳ ನಡುವೆ ಕಟ್ಟಿದ ಕುರ್ಚಿ. ನಾಲ್ವರು ಹೆಗಲ ಮೇಲೆ ಹೊರುತ್ತಾರೆ. ಕಾಲಿಲ್ಲದವರು, ಮುದುಕರು, ಶ್ರೀಮಂತರು ಎಲ್ಲ ಅದರಲ್ಲೇ ಕೇದಾರ ಕಾಣುತ್ತಿದ್ದರು. ನಮ್ಮವರು ಮಾತಾಡಿ ಮುಗಿಸಿ ಖುಷಿಯಿಂದ ಒಳಗೆ ಬಂದರು. ಅತ್ತೆ ಬಾಗಿಲಿನಿಂದ ಡಾಂಡಿಯನ್ನು ನೋಡಿದರು.

"ನಾ ಕೂಡಂಗಿಲ್ಲ."

"ಯಾಕ ಯವ್ವಾ? ಕುರ್ಚಿ ಅದು. ಬರೇ ಕುರ್ಚಿ."

"ವಿಮಾನಾನೂ ಕುರ್ಚೀನೇ ಇರ್ತದ. ನಿಮ್ಮಪ್ಪನ್ನ ಕೂಡಿಸಿದಾಗ ನೋಡಿಲ್ಲೇನು ನೀ?"

ಆಗ ನಮಗೆ ತಿಳಿಯಿತು. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಮೈ ತೊಳೆದು, ವಿಭೂತಿ ಹಚ್ಚಿ, ವಿಮಾನವೆಂದು ಕರೆಯುವ ಬಿದಿರಿನ ಕುರ್ಚಿಯಲ್ಲಿ ಕೂಡಿಸಿ, ಹೂ ಕಟ್ಟಿ, ನಾಲ್ವರು ಹೆಗಲ ಮೇಲೆ ಹೊತ್ತು ಒಯ್ಯುತ್ತಾರೆ. ಮಣ್ಣಿನಲ್ಲೂ ಕೂತಂತೆಯೇ ಇಡುತ್ತಾರೆ. ಅತ್ತೆಗೆ ಕಂಡದ್ದು ಕುರ್ಚಿಯಲ್ಲ. ನಿಜ ಹೇಳಬೇಕೆಂದರೆ ಅವರು ಹೇಳಿದ ಮೇಲೆ ನನಗೂ ಅದು ಹಾಗೆಯೇ ಕಂಡಿತು.

"ಜೀವ ಇರೂತನಕ ನಾಕ ಮಂದಿ ಹೆಗಲ ಮ್ಯಾಲ ಕೂಡಂಗಿಲ್ಲ. ಒಮ್ಮೆ ಕೂತ್ರ ಯಮ ಲೆಕ್ಕ ತಪ್ತಾನ, 'ಓಹೋ, ಈಕೀದು ಮುಗೀತು' ಅಂತಾನ," ಎಂದು ಅತ್ತೆ ಕಡ್ಡಿ ಮುರಿದಂತೆ ಹೇಳಿದರು.

ನಮ್ಮವರು ಬೇಡಿಕೊಂಡರು, ಗದರಿದರು, ಉರ್ದುವಿನಲ್ಲಿ ಏನೋ ಗೊಣಗಿದರು. ಕೊನೆಗೆ ಟೊಪ್ಪಿಗೆ ಸರಿಮಾಡಿಕೊಂಡು, "ಹಂಗಾದ್ರ ನೀವಿಬ್ರೂ ಇಲ್ಲೇ ಇರ್ರಿ. ಇಷ್ಟು ದೂರ ಬಂದು ತಿರುಗಿ ಹೋದ್ರ ಮಂದಿ ನಗ್ತಾರ. ನಾ ಒಬ್ಬನೇ ಹೋಗಿ ನೋಡಿಕೊಂಡು ಬರ್ತೇನಿ," ಎಂದರು.

ನನಗೆ ಎಲ್ಲಿತ್ತೋ ಸಿಟ್ಟು! ಕೈಯಲ್ಲಿದ್ದ ಹಿಟ್ಟಿನ ಉಂಡೆ ಸಮೇತ ಎದ್ದು ನಿಂತೆ. ಅತ್ತೆ ಎದುರಿಗಿದ್ದಾರೆ ಎಂಬುದನ್ನೇ ಮರೆತೆ. "ಗುಡ್ಡ ನೋಡಬೇಕಂದಾಕಿ ಅವರು! ಮೋಟಾರದಾಗ ಕಣ್ಣ ಮುಚ್ಚಿಕೊಂಡು ಕೂತಾವ್ರು ನೀವು! ನೀವು ಹೋಗಿ ಏನ ನೋಡ್ತೀರಿ, ಸುಡಗಾಡು? ಹೋದ್ರ ಮೂವರೂ, ಇಲ್ಲಂದ್ರ ಯಾರೂ ಇಲ್ಲ!"

ನಮ್ಮವರ ಬಾಯಿ ತೆರೆದದ್ದು ತೆರೆದಂತೆಯೇ. ಇನ್ನು ನನ್ನನ್ನು ಇಲ್ಲಿಂದಲೇ ತವರಿಗೆ ಕಳಿಸುತ್ತಾರೆ ಎಂದುಕೊಂಡೆ. ಅತ್ತೆ ನನ್ನ ಕಡೆ ತಿರುಗಿದರು.

"ಇಲ್ಲಿ ಬಾ," ಎಂದರು. ಹೋದೆ. "ಹೆಣ ಏನೇನ ಮಾಡೂದಿಲ್ಲ, ಹೇಳು."

"ಏನ್ರಿ ಅತ್ತಿ?"

"ಹೆಣ ಬೇ, ಹೆಣ. ಅದು ಏನ ಮಾಡೂದಿಲ್ಲ?"

"ಉಣ್ಣೂದಿಲ್ಲ… ಎದ್ದು ಓಡಾಡೂದಿಲ್ಲ… ಮಾತಾಡೂದಿಲ್ಲ…"

"ಹಾಂ! ಮಾತಾಡೂದಿಲ್ಲ." ಅತ್ತೆಯ ಕಣ್ಣಲ್ಲಿ ಎರಡು ದಿನದಿಂದ ಇಲ್ಲದ ಕಳೆ ಬಂತು. "ನಾ ಮಾತಾಡಕೋತ ಹೋಗ್ತೇನಿ. ಕೂತಾಗಿಂದ ಇಳಿಯೂತನಕ ಬಾಯಿ ನಿಲ್ಲಸಂಗಿಲ್ಲ. ನೀ ಬಾಜೂಕ ನಡಕೋತ ಹ್ಞೂಂ ಅನ್ನಬೇಕು. ಯಮಗ ಸಂಶೇನೇ ಬರಬಾರದು. ಆದ್ರ ಮೊದಲ ನೀ ಕೂತು ತೋರಸು."

"ನಾ ಯಾಕರಿ ಮೊದಲ? ನನಗಿನ್ನೂ ಇಪ್ಪತ್ತಾಗಿಲ್ಲ!"

"ಅದಕ್ಕೇ. ನಿನ್ನ ನೋಡಿ ಯಾರಿಗೂ ಹೆಣ ಅನಸಂಗಿಲ್ಲ. ಕೂಡು."

ಕೂತೆ. ನಾಲ್ವರು ಎತ್ತಿದರು. ಚಟ್ಟಿಯ ಅಂಗಳದಲ್ಲಿ ಒಂದು ಸುತ್ತು ಹಾಕಿದರು. ನಾನು ಮೊದಲು ಕಣ್ಣು ಮುಚ್ಚಿದ್ದೆ; ತೆರೆದಾಗ ಕಣಿವೆಯೆಲ್ಲ ಕೆಳಗೆ, ನನ್ನ ಗಂಡನ ಟೊಪ್ಪಿಗೆಯೂ ಕೆಳಗೆ. ಹುಟ್ಟಿದಾಗಿನಿಂದ ಯಾರೂ ನನ್ನನ್ನು ಹಾಗೆ ಎತ್ತಿರಲಿಲ್ಲ. ಎರಡನೆಯ ಸುತ್ತು ಹಾಕಿರೆಂದು ಕೈಸನ್ನೆ ಮಾಡುತ್ತಿದ್ದಾಗ ಅತ್ತೆ, "ಇಳಿ ಬೇ, ಸಾಕು! ಹಲ್ಲ ಕಿಸೀಬ್ಯಾಡ!" ಎಂದು ಕೂಗಿದರು.

ಹೀಗೆ ನಮ್ಮ ಅತ್ತೆ ಡಾಂಡಿ ಏರಿದರು. ಏರುವಾಗಲೂ ಶರತ್ತು. ಕಾಲು ಮಡಿಚಿ ಕೂಡುವುದಿಲ್ಲ, ಅದು ಹೆಣದ ಆಸನ. ಒಂದಾದರೂ ಕಾಲು ಜೋತುಬಿದ್ದಿರಬೇಕು. ಊದಿದ ಕಾಲನ್ನು ದಿಂಬಿನ ಮೇಲಿಟ್ಟು, ಒಳ್ಳೆಯ ಕಾಲನ್ನು ಕೆಳಗೆ ಬಿಟ್ಟು, ಅದನ್ನು ಅಲ್ಲಾಡಿಸುತ್ತ ಹೊರಟರು. ಡಾಂಡಿ ಹೊರುವವರ ಮುಖಂಡ, ನರೆ ಮೀಸೆಯ ಸಾಧು ಮನುಷ್ಯ, ಗೌರವಕ್ಕೆಂದು ದಾರಿಬದಿಯ ಕೆಂಪು ಹೂವಿನ ಗೊಂಚಲೊಂದನ್ನು ಮುರಿದು ಕುರ್ಚಿಯ ಬೆನ್ನಿಗೆ ಸಿಕ್ಕಿಸಿದ. ಅತ್ತೆ ಚಿಟ್ಟನೆ ಚೀರಿದ ರೀತಿಗೆ ಅವನು ಡಾಂಡಿ ಕೈಬಿಡುವುದೊಂದು ಬಾಕಿ. "ಹೂ ತಗೀ ಅನ್ನಲೇ ಅಂವಗ! ಹೂ ತಗಸು! ವಿಮಾನ ಸಿಂಗಾರ ಮಾಡ್ಲಿಕ್ಹತ್ಯಾನ!" ನಮ್ಮವರು ತಮ್ಮ ಘನವಾದ ಉರ್ದುವಿನಲ್ಲಿ ವಿವರಿಸಿದರು. ಅವನು ಏನು ತಿಳಿದುಕೊಂಡನೋ, ಹೂವನ್ನು ತೆಗೆದು ನಮ್ಮವರ ಕಿವಿಗೆ ಸಿಕ್ಕಿಸಿದ.

ಮೊದಲ ದಿನದ ಮಾತು ಚೆನ್ನಾಗಿತ್ತು. ಅತ್ತೆ ತಮ್ಮ ಬಾಲ್ಯವೆಲ್ಲ ಹೇಳಿದರು. ಅಫಜಲಪುರದ ಕಡೆ ಭೀಮೆಯ ದಂಡೆಯ ತವರು. ಮದುವೆಯಾದ ವರ್ಷ ಗಂಡನ ಮೇಲೆ ಮುನಿಸಿಕೊಂಡು ಒಬ್ಬರೇ ತವರಿಗೆ ಓಡಿದ್ದು. ತಂದೆ ಬಾಗಿಲಲ್ಲೇ ತಡೆದು, ಉಂಡಿಯಾ ಎಂದು ಕೇಳಿ, ಉಣಿಸಿ, ಅದೇ ಬಂಡಿಯಲ್ಲಿ ತಿರುಗಿ ಕಳಿಸಿದ್ದು. "ಅಳಲಿಲ್ಲ ನಾ. ಮಜ್ಜಿಗಿ ಭಾಳ ಹುಳಿ ಇತ್ತು, ಅದರ ಮ್ಯಾಲ ಸಿಟ್ಟ ತೀರಿಸಿದೆ," ಎಂದರು. ಈ ಕಥೆ ನಾನು ಕೇಳಿರಲಿಲ್ಲ. ಅವರ ಮಗನೂ ಕೇಳಿರಲಿಲ್ಲ. ಹ್ಞೂಂ ಅನ್ನುವುದು ನನಗೆ ಮರೆತುಹೋಯಿತು. "ಹ್ಞೂಂ ಅನ್ನು ಬೇ!" ಎಂದು ಮೇಲಿನಿಂದ ಕೂಗಿದರು.

ಎರಡನೆಯ ದಿನ ಅವರ ಕಥೆ ತೀರಿತು, ನನ್ನದು ಶುರುವಾಯಿತು. ನಾನು ಒಲೆ ಊದುವ ರೀತಿ, ನಾನು ಸಾರಿಗೆ ಹಾಕುವ ಉಪ್ಪು, ನನ್ನ ತಾಯಿ ಬೀಗಿತ್ತಿಗೆ ಉಡಿಸಿದ ಸೀರೆಯ ಅಗಲ, ಒಂದೂ ಬಿಡಲಿಲ್ಲ. ಏರುವ ದಾರಿಯಲ್ಲಿ ಉಸಿರು ಸಾಲದೆ ನಾನು ನನ್ನ ತಪ್ಪುಗಳಿಗೆಲ್ಲ ನಾನೇ ಹ್ಞೂಂ ಅಂದೆ. ಆ ಹೊತ್ತಿಗೆ ನರೆ ಮೀಸೆಯವನೂ ಕಲಿತಿದ್ದ. ನಾನು ಹಿಂದೆ ಬಿದ್ದಾಗ ಅವನೇ "ಹ್ಞೂಂ ಮಾಯಿ" ಎನ್ನುತ್ತಿದ್ದ. ಈ ಮುದುಕಿಯ ಬಾಯಿ ಒಂದು ಗಳಿಗೆ ನಿಂತರೆ ಸಾಕಪ್ಪ ದೇವರೇ ಎಂದು ಅವತ್ತು ಎಷ್ಟು ಸಲ ಬೇಡಿಕೊಂಡೆನೋ.

ಮೂರನೆಯ ದಿನ ಚಳಿ ಕೊರೆಯುತ್ತಿತ್ತು. ದಾರಿಯ ಅಂಚಿನಲ್ಲಿ ಮೊದಲ ಹಿಮ ಸಿಕ್ಕಿತು. ಕುದುರೆಗಳು ತುಳಿದು ತುಳಿದು ಕೆಸರಾದದ್ದು. ಡಾಂಡಿ ಇಳಿಸಿದಾಗ ಅತ್ತೆ ಮಗನ ಕೋಲಿನಿಂದ ಅದನ್ನು ಕೆದಕಿ, "ಇದೇನು? ಇದಕ್ಕೇನು ಇಷ್ಟು ದೂರ ಬಂದದ್ದು?" ಎಂದು ಮುಖ ಸಿಂಡರಿಸಿದರು. ಮಾತಿಗೆ ಬೇರೆ ಏನೂ ಉಳಿದಿರಲಿಲ್ಲ. ಆದ್ದರಿಂದ ನಮ್ಮೂರಿನಿಂದ ನಿಂಬರ್ಗಾಕ್ಕೆ ಹೋಗುವ ದಾರಿ ಹಿಡಿದರು. ದಾರಿಯ ಎಡಬಲದ ಒಂದೊಂದೇ ಹೊಲ. "ಹುಡೇವು ದಾಟಿದ್ರ ಗೌಡರ ಹೊಲ. ಬಾಜೂಕ ಅವರ ತಮ್ಮಂದು, ತೊಗರಿ ಅದ. ಆಮ್ಯಾಲ ಬೇವಿನ ಗಿಡ. ಬೇವಿನ ಗಿಡ ದಾಟಿದ್ರ ಬಡಗ್ಯಾನ ಪಟ್ಟಿ, ಬರೇ ಕಲ್ಲು, ಪಾಪ…" ಸುತ್ತ ಮುಗಿಲಿಗೆ ತಾಗಿದ ಬಂಡೆಗಳು, ಕೆಳಗೆ ಮೊರೆಯುವ ಹೊಳೆ, ನಡುವೆ ನಾಲ್ವರ ಹೆಗಲ ಮೇಲೆ ನಮ್ಮ ಕರಿ ನೆಲ ಬದು ಬದುವಾಗಿ ಮೇಲೇರುತ್ತಿತ್ತು. ನನಗೆ ಊರು ನೆನಪಾಯಿತು. ಹ್ಞೂಂ, ಹ್ಞೂಂ ಎನ್ನುತ್ತ ಏರಿದೆ.

ಕೊನೆಯ ಏರಿನಲ್ಲಿ ನನ್ನ ಕಾಲು ಸೋತವು. ಡಾಂಡಿ ಮುಂದೆ ಹೋಗಿ ಒಂದು ದಿಬ್ಬದ ತಿರುವಿನಲ್ಲಿ ಮರೆಯಾಯಿತು. ದನಿ ಕೇಳುತ್ತಲೇ ಇತ್ತು. ಭಾವಿಯ ಹೊಲ, ಹುಣಸಿಯ ಹೊಲ, ಸಾಹುಕಾರರ ಎರಡು ಪಟ್ಟಿ. ನಿಂಬರ್ಗಾ ಇನ್ನು ಎರಡೇ ಹೊಲ ದೂರವಿತ್ತು, ದನಿ ನಿಂತಿತು.

ನಾನೂ ನಿಂತೆ. ಉಸಿರು ತೆಗೆದುಕೊಳ್ಳುತ್ತಿರಬಹುದು ಎಂದುಕೊಂಡೆ. ಕಾದೆ. ಹೊಳೆಯ ಸದ್ದು, ಗಾಳಿಯ ಸದ್ದು. "ಅತ್ತೀ!" ಎಂದು ಕೂಗಿದೆ. ಉತ್ತರವಿಲ್ಲ. ನರೆ ಮೀಸೆಯವನ ಹ್ಞೂಂ ಕೂಡ ಇಲ್ಲ.

ಹೇಗೆ ಓಡಿದೆನೋ ಗೊತ್ತಿಲ್ಲ. ಎರಡು ಸಲ ಬಿದ್ದೆ, ಅಂಗೈ ಕಿತ್ತುಹೋಯಿತು. ದಿಬ್ಬ ಏರಿ ನೋಡಿದರೆ ಡಾಂಡಿಯನ್ನು ನೆಲಕ್ಕೆ ಇಳಿಸಿದ್ದರು. ಹೊತ್ತ ನಾಲ್ವರೂ ದೂರ ಸರಿದು, ಟೊಪ್ಪಿಗೆ ಕೈಯಲ್ಲಿ ಹಿಡಿದು, ತಲೆ ಬಾಗಿಸಿ ನಿಂತಿದ್ದರು. ಕುರ್ಚಿಯಲ್ಲಿ ಅತ್ತೆ ನೆಟ್ಟಗೆ ಕೂತಿದ್ದರು. ಎರಡೂ ಕಾಲು ಮೇಲೆ. ಹಣೆಯ ಮೇಲೆ ವಿಭೂತಿ. ಕಣ್ಣು ತೆರೆದಿದ್ದವು, ರೆಪ್ಪೆ ಅಲುಗುತ್ತಿರಲಿಲ್ಲ.

ನನ್ನ ಬಾಯಿಂದ ಬಂದ ಕೂಗು ಎಂಥದೆಂದು ನನಗೇ ಗೊತ್ತಿಲ್ಲ. ಹೋಗಿ ಅವರ ಮಡಿಲಲ್ಲಿ ಬಿದ್ದೆ. "ಅತ್ತೀ, ಮಾತಾಡ್ರಿ! ಬೈರಿ ನನಗ! ನಮ್ಮವ್ವನ ಸೀರಿ ಸಣ್ಣದs ಇತ್ರಿ, ನಾ ಒಪ್ಪಿಕೋತೇನಿ! ಬೈರಿ!" ಆ ಮುದುಕಿಯಿಲ್ಲದ ಮನೆಗೆ ತಿರುಗಿ ಹೋಗುವುದು ನನ್ನಿಂದ ಆಗದ ಕೆಲಸ ಎಂದು ಆ ಗಳಿಗೆಯಲ್ಲಿ ನನಗೆ ತಿಳಿಯಿತು. ಮೂರು ವರ್ಷ ಅದು ಗೊತ್ತೇ ಇರಲಿಲ್ಲ.

ಒಂದು ಕೈ ಬಂದು ನನ್ನ ತಲೆಯ ಮೇಲೆ ಕೂತಿತು. ಬಿಸಿಯಾಗಿತ್ತು.

"ಸುಮ್ಕಿರ ಬೇ," ಎಂದರು ಅತ್ತೆ, ನನ್ನ ಕಡೆ ನೋಡದೆ. "ನೋಡಾಕ ಬಿಡು."

ತಿರುಗಿ ನೋಡಿದೆ. ಮೋಡ ಹರಿದಿತ್ತು. ಕೆಳಗೆ ಬಯಲಿನ ಕೊನೆಯಲ್ಲಿ ಸಣ್ಣ ಗುಡಿ, ಅದರ ಹಿಂದೆ ಹಿಮದ ಗುಡ್ಡ, ಪೂರ್ತಿ, ಬುಡದಿಂದ ತುದಿಯವರೆಗೆ, ಬಿಸಿಲಿನಲ್ಲಿ. ಹೊತ್ತವರು ತಲೆ ಬಾಗಿಸಿ ನಿಂತದ್ದು ಅದಕ್ಕೇ. ಅತ್ತೆಯ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಅವರು ಒರೆಸಿಕೊಳ್ಳಲಿಲ್ಲ. ನಾನು ಅವರ ಪಕ್ಕದಲ್ಲಿ ನೆಲದ ಮೇಲೆ ಕೂತೆ. ತಲೆಯ ಮೇಲಿನ ಕೈಯನ್ನು ಅವರು ತೆಗೆಯಲಿಲ್ಲ.

ಅಷ್ಟರಲ್ಲಿ ನಮ್ಮವರು ಏದುಸಿರು ಬಿಡುತ್ತ ಬಂದರು. ಸೊಂಟದ ಮೇಲೆ ಕೈಯಿಟ್ಟು ನಿಂತು, ಗುಡ್ಡದ ಕಡೆ ಕೋಲು ಚಾಚಿ, "ಅದು ನೋಡ್ರಿ, ಅದಕ್ಕ ಇಲ್ಲಿ ಮಂದಿ ಏನಂತಾರಂದ್ರ…" ಎಂದು ಶುರುಮಾಡಿದರು.

"ಬಾಯಿ ಮುಚ್ಚು!" ಎಂದರು ಅತ್ತೆ.

"ಬಾಯಿ ಮುಚ್ರಿ!" ಎಂದೆ ನಾನು, ಅದೇ ಉಸಿರಿಗೆ, ಅತ್ತೆಯ ಎದುರಿಗೇ.

ಅತ್ತೆ ನಗಲಿಲ್ಲ, ಗದರಲಿಲ್ಲ. ಕೈಯಿಂದ ನನ್ನ ತಲೆಯನ್ನು ತಮ್ಮ ಮೊಣಕಾಲಿಗೆ ಒತ್ತಿಕೊಂಡರು, ನೋವಿದ್ದ ಮೊಣಕಾಲಿಗೇ.